ಗ್ರಹ ಬಿಡಿಸಿದ ಪಾರ್ಸೆಲ್ ಗುಮಾಸ್ತ

ಸತ್ತವರ ಸಾಮಾನುಗಳನ್ನು ಏನು ಮಾಡಬೇಕು ಎಂಬುದನ್ನು ಯಾರೂ ನಮಗೆ ಮೊದಲೇ ಹೇಳಿಕೊಟ್ಟಿರುವುದಿಲ್ಲ. ಸೀರೆಗಳ ವಿಷಯ ಸುಲಭ. ನಾದಿನಿಯರು ಬರುತ್ತಾರೆ, ಅತ್ತುಕೊಂಡೇ ಮಡಿಸುತ್ತಾರೆ, ಅತ್ತುಕೊಂಡೇ ಒಯ್ಯುತ್ತಾರೆ. ಕನ್ನಡಕವನ್ನು ಯಾರೂ ಕೇಳುವುದಿಲ್ಲ. ಅದು ಗೂಡಿನಲ್ಲಿ ಕೂತು ಮನೆಯವರನ್ನೇ ನೋಡುತ್ತಿರುತ್ತದೆ. ಇದೆಲ್ಲ ಎಲ್ಲರ ಮನೆಯ ಪಾಡು. ಆದರೆ ಹೆಂಡತಿ ತೀರಿಕೊಂಡ ಮೇಲೆ ನಡುಮನೆಯ ತೊಲೆಯಲ್ಲಿ ಒಂಬತ್ತು ಗ್ರಹಗಳು ನೇತಾಡುತ್ತ ಉಳಿದುಬಿಟ್ಟರೆ ಗಂಡನಾದವನು ಏನು ಮಾಡಬೇಕು? ನಾನು ಬಂಗಾರಪೇಟೆ ಸ್ಟೇಷನ್ನಿನ ಪಾರ್ಸೆಲ್ ಗುಮಾಸ್ತ. ವಾರಸುದಾರರಿಲ್ಲದ ಎಷ್ಟೋ ಸಾಮಾನುಗಳನ್ನು ವಿಲೇವಾರಿ ಮಾಡಿದವನು. ಕೊಳೆತ ಮಾವಿನ ಬುಟ್ಟಿ, ಒಂದೇ ಸ್ವರ ಹೊರಡಿಸುವ ಹಾರ್ಮೋನಿಯಂ, ಹತ್ತಿಸುವಾಗ ಎರಡಿದ್ದು ಇಳಿಸುವಾಗ ಸಂಸಾರವಾಗಿದ್ದ ಮೊಲಗಳು, ಎಲ್ಲಕ್ಕೂ ಒಂದೊಂದು ರೂಲು ಇತ್ತು. ಗ್ರಹಗಳಿಗೆ ಇರಲಿಲ್ಲ.

ಕರ್ಮಾಂತರಕ್ಕೆಂದು ಬೂದಿಕೋಟೆಯಿಂದ ಬಂದಿದ್ದ ನನ್ನ ಸೋದರತ್ತೆ ಮಾತ್ರ ರೂಲು ಹೇಳಿದಳು. "ಸಾವಾದ ಮನೇಲಿ ಗ್ರಹಗಳನ್ನ ಹಿಂಗೆ ತೂಗಾಕಿರಬಾರ್ದು ಕಣೋ. ಇಳಿಸಿ ಕೆರೇಗೆ ಬಿಟ್ಬಿಡು." ಆಮೇಲೆ ಸೆರಗನ್ನು ಮೂಗಿಗೆ ಹಿಡಿದು ಒಂದೊಂದನ್ನೂ ಎಣಿಸಿದಳು. "ರಾಹು ಎಲ್ಲೋ? ಕೇತು ಎಲ್ಲೋ?"

"ಅವರಿಬ್ಬರೂ ಇದರಲ್ಲಿ ಇಲ್ಲ ಅತ್ತೆ. ಇವರು ನೆಪ್ಚೂನು, ಪ್ಲೂಟೋ."

"ಅವರ್ಯಾರು? ಗೋಲ್ಡ್ ಫೀಲ್ಡಿನ ಚಿನ್ನದ ಗಣಿಯ ಬಿಳೀ ದೊರೆಗಳಾ?"

ನನಗೆ ನಗು ಬಂತು. ಹೆಂಡತಿ ಸತ್ತ ಮೇಲೆ ಬಂದ ಮೊದಲ ನಗು ಅದು. ನಕ್ಕವನೇ ಅಭ್ಯಾಸದಂತೆ ಅಡುಗೆಮನೆಯ ಬಾಗಿಲ ಕಡೆ ತಿರುಗಿದೆ, ಇದನ್ನು ಅವಳಿಗೂ ಹೇಳೋಣ ಎಂದು.

ಅವಳ ಹೆಸರು ಪದ್ಮ. ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಟೀಚರು. ರಷ್ಯಾದವರು ಒಂದು ಲೋಹದ ಗುಂಡನ್ನು ಆಕಾಶಕ್ಕೆ ಹಾರಿಸಿ, ಅದು ಕೆಳಗೆ ಬೀಳದೆ ಭೂಮಿಯನ್ನು ಸುತ್ತತೊಡಗಿದಾಗ ಪ್ರಪಂಚವೆಲ್ಲ ಬೆರಗಾಯಿತಂತೆ. ನಮ್ಮ ತಾಲ್ಲೂಕಿನ ಮೇಷ್ಟರುಗಳಿಗೆ ಮಾತ್ರ ನಡುಕ ಹತ್ತಿತು. ಮಕ್ಕಳಿಗೆ ಇದನ್ನೆಲ್ಲ ತಿಳಿಸಿ ಎಂದು ಮೇಲಿನವರು ಹೇಳಿದರು. ಮೇಷ್ಟರುಗಳಿಗೆ ತಿಳಿಸುವವರು ಯಾರು? ಗ್ರಹಣ ಹಿಡಿದಾಗ ಮನೆಯಲ್ಲಿ ದರ್ಭೆ ಹಾಕಿ ಸ್ನಾನ ಮಾಡಿ, ಮಾರನೆಯ ದಿನ ಸ್ಕೂಲಿನಲ್ಲಿ ಅದು ಬರೀ ನೆರಳು ಎಂದು ಪಾಠ ಹೇಳುತ್ತಿದ್ದ ಜನ ಅವರು. ಒಬ್ಬೊಬ್ಬರಾಗಿ ಪದ್ಮಳನ್ನು ಕೇಳಿಕೊಂಡು ನಮ್ಮ ಮನೆಗೆ ಬರತೊಡಗಿದರು. ಮಾರಿಕುಪ್ಪಂ ರೈಲಿನಲ್ಲಿ ಗೋಲ್ಡ್ ಫೀಲ್ಡಿನವರು ಬಂದರು, ಬಸ್ಸಿನಲ್ಲಿ ಹಳ್ಳಿಯವರು ಬಂದರು. ಹೀಗೆ ಶನಿವಾರ ಮಧ್ಯಾಹ್ನ ನಮ್ಮ ಹಿತ್ತಲಲ್ಲಿ ಮೇಷ್ಟರುಗಳ ಕ್ಲಾಸು ಶುರುವಾಯಿತು.

ಪದ್ಮಳ ಕ್ರಮವೇ ಬೇರೆ. ಪಾಠವನ್ನು ಬರೀ ಕೇಳಿಸಿಕೊಂಡು ಹೋದವರು ಮಕ್ಕಳಿಗೂ ಬರೀ ಕೇಳಿಸಿ ಬಿಡುತ್ತಾರೆ, ಆಡಿದವರು ಮಾತ್ರ ಮಕ್ಕಳನ್ನು ಆಡಿಸುತ್ತಾರೆ ಎನ್ನುತ್ತಿದ್ದಳು. ಆದ್ದರಿಂದ ಪ್ರತಿಯೊಬ್ಬ ಮೇಷ್ಟರೂ ಒಂದು ಗ್ರಹವನ್ನು ಕೈಯಲ್ಲಿ ಹಿಡಿದು ಸುತ್ತಬೇಕು. ಸೂರ್ಯ ನಾನು. ಸ್ಟೇಷನ್ನಿನ ಕೈದೀಪ ಹಿಡಿದು ನಡುವೆ ನಿಂತಿರಬೇಕು, ಮಾತಾಡಬಾರದು. "ಸೂರ್ಯ ಸುಮ್ಮನಿದ್ದರೇ ಎಲ್ಲ ಸರಿಯಾಗಿರುತ್ತೆ" ಎಂದು ಎಲ್ಲರೆದುರಿಗೇ ಹೇಳುತ್ತಿದ್ದಳು. ಕಚ್ಚೆಪಂಚೆ ಉಟ್ಟ ಹಿರಿಯರು ಚೆಂಡು ಹಿಡಿದು ತಮ್ಮ ಸುತ್ತಲೂ ತಾವೇ ತಿರುಗುತ್ತ, ನನ್ನ ಸುತ್ತಲೂ ತಿರುಗುವುದನ್ನು ಗೋಡೆಯಾಚೆಯಿಂದ ಕಂಡ ಪಕ್ಕದ ಮನೆಯಾಕೆ, ನನಗೇನೋ ಸಿದ್ಧಿಯಾಗಿದೆಯೆಂದು ಒಂದು ದಿನ ಬಾಳೆಹಣ್ಣು ತಂದುಕೊಟ್ಟಳು. ಹಣ್ಣು ಚೆನ್ನಾಗಿತ್ತು, ನಾನು ಸೂರ್ಯನ ಹಾಗೆ ಸುಮ್ಮನಿದ್ದೆ.

ಗ್ರಹಗಳನ್ನು ಮಾಡಿದ್ದು ಅಡುಗೆಮನೆಯಲ್ಲಿ. ನಮ್ಮ ಕಡೆ ಹೆಂಗಸರು ಹಳೆಯ ಕಾಗದ ನೆನೆಸಿ, ಮೆಂತ್ಯದ ಜೊತೆ ರುಬ್ಬಿ, ಮಡಕೆಯ ಮೇಲೆ ಬಳಿದು ಬುಟ್ಟಿ ಮಾಡುತ್ತಾರಲ್ಲ, ಅದೇ ಹಿಟ್ಟು. ರುಬ್ಬುವ ಕೆಲಸ ಸೂರ್ಯನದು. ಶನಿಯ ಬಳೆಗೆ ಒಂದು ಜರಡಿಯ ಅಂಚು ಹೋಯಿತು. ಮೆಂತ್ಯದ ವಾಸನೆಗೆ ಇಲಿ ಬಂದು ಶುಕ್ರನ ಕಾಲುಭಾಗವನ್ನು ತಿಂದಿತು; ಪದ್ಮ ಅದನ್ನು ಹಾಗೇ ಉಳಿಸಿಕೊಂಡು, ದುರ್ಬೀನಿನಲ್ಲಿ ನೋಡಿದರೆ ಶುಕ್ರನೂ ಚಂದ್ರನ ಹಾಗೆ ತುಂಡಾಗಿ ಕಾಣುತ್ತಾನೆ ಎಂದು ಪಾಠಕ್ಕೆ ಸೇರಿಸಿಕೊಂಡಳು. ಭೂಮಿ ಇನ್ನೂ ಹಸಿಯಿದ್ದಾಗ ಅದರ ಮೇಲೆ ಹೆಬ್ಬೆರಳೊತ್ತಿ "ನಾವು ಇಲ್ಲಿದ್ದೀವಿ" ಎಂದಳು. ಒತ್ತಿದ ಗುರುತು ಇಡೀ ಇಂಡಿಯಾದಷ್ಟು ದೊಡ್ಡದಾಗಿ ಹಾಗೇ ಒಣಗಿತು.

ಇಷ್ಟೆಲ್ಲ ಮಾಡಿದರೂ ಒಂದು ತೊಡಕು ಉಳಿದಿತ್ತು, ಅದು ಮಾತಿನದು. ಪುಸ್ತಕದಲ್ಲಿ ಗ್ರಹ ಎಂದರೆ ಸುತ್ತುವುದು. ನಮ್ಮ ಹಳ್ಳಿಗಳಲ್ಲಿ ಗ್ರಹ ಎಂದರೆ ಹಿಡಿಯುವುದು. ಹುಣಿಸೆಮರದ ಕೆಳಗೆ ಹೋದ ಬಾಣಂತಿಗೆ ಹಿಡಿಯುವುದು ಗ್ರಹ. ಬೇವಿನ ಸೊಪ್ಪಿನಿಂದ ಹೊಡೆದು ಬಿಡಿಸುವುದೂ ಗ್ರಹವೇ. ಹೀಗಿರುವಾಗ ರಷ್ಯಾದವರು ಒಂದು ಉಪಗ್ರಹವನ್ನು ಬಿಟ್ಟಿದ್ದಾರೆ, ಅದು ದಿನವೂ ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ ಎಂದು ಮೇಷ್ಟರು ಹೇಳಿದರೆ ಕೇಳಿದವರಿಗೆ ಹೇಗಾಗಬೇಡ? ದೊಡ್ಡ ಗ್ರಹವಾದರೆ ಮುಂದೆ ನಿಂತು ಹೆಸರಾದರೂ ಹೇಳುತ್ತದೆ, ಈ ಉಪ ಎನ್ನುವಂಥವು ಹಿಂದಿನಿಂದ ಬರುತ್ತವೆ ಎಂದು ಒಬ್ಬ ಮುದುಕ ನನಗೇ ವಿವರಿಸಿದ್ದ.

ಎರಡು ಮೂರು ವರ್ಷ ಕ್ಲಾಸು ಹೀಗೇ ನಡೆದ ಮೇಲೆ ಒಂದು ಮಳೆಗಾಲದಲ್ಲಿ ಪದ್ಮಳಿಗೆ ಜ್ವರ ಬಂತು. ಬಂದ ಜ್ವರ ಇಳಿಯಲಿಲ್ಲ. ಅದರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ನಮ್ಮದು ಹಳಿಯ ಪಕ್ಕದ ಮನೆ. ಮೇಲ್ ಗಾಡಿ ಹೋದಾಗ ಪಾತ್ರೆಗಳು ಕಿಣಿಗುಟ್ಟುತ್ತಿದ್ದವು, ದಾರದಲ್ಲಿದ್ದ ಗ್ರಹಗಳು ನಿಧಾನವಾಗಿ ತಿರುಗುತ್ತಿದ್ದವು. ಅವಳಿದ್ದಾಗಲೂ ಹೀಗೇ ಇತ್ತು. ಅವಳು ಹೋದ ಮೇಲೆ ಗಾಡಿ ಇಲ್ಲದಾಗಲೂ ತಿರುಗತೊಡಗಿದವು. ಗಾಳಿ ಎಂದುಕೊಂಡು ಕಿಟಕಿ ಮುಚ್ಚಿದೆ. ಎಂಟು ನಿಂತವು. ಭೂಮಿ ಮಾತ್ರ ಹೆಬ್ಬೆರಳಿನ ಗುರುತು ನನ್ನ ಕಡೆಗೆ ಬರುವವರೆಗೂ ತಿರುಗಿ, ಆಮೇಲೆ ನಿಂತಿತು. ದಾರದ ಹುರಿ ಬಿಚ್ಚುತ್ತಿದೆ ಎಂದು ಪದ್ಮಳಾದರೆ ಹೇಳುತ್ತಿದ್ದಳು. ನಾನೂ ಅದನ್ನೇ ಗಟ್ಟಿಯಾಗಿ ಹೇಳಿದೆ. ಖಾಲಿ ಮನೆಯಲ್ಲಿ ಗಟ್ಟಿಯಾಗಿ ಹೇಳಿದ ವಿಜ್ಞಾನ ಒಂದು ಥರ ಮಂತ್ರದಂತೆಯೇ ಕೇಳಿಸುತ್ತದೆ.

ಹೀಗಿರುವಾಗ ಒಂದು ಬೆಳಿಗ್ಗೆ ಕ್ಯಾಸಂಬಳ್ಳಿಯ ಮುನಿವೆಂಕಟಪ್ಪ ಮೇಷ್ಟರು ಪಾರ್ಸೆಲ್ ಆಫೀಸಿಗೆ ಬಂದರು. ಪದ್ಮಳ ಶನಿವಾರದ ಕ್ಲಾಸಿನಲ್ಲಿ ಯಾವಾಗಲೂ ಗುರುಗ್ರಹ ಹಿಡಿಯುತ್ತಿದ್ದ ಹುಡುಗುಮುಖದ ಮೇಷ್ಟರು. ತಕ್ಕಡಿಯ ಪಕ್ಕ ನಿಂತು ಟವೆಲನ್ನು ಹಿಂಡತೊಡಗಿದರು.

"ಸಾರ್, ಟೀಚರಮ್ಮ ನಮ್ಮೂರಿಗೆ ಬತ್ತಾವ್ರಂತೆ ಸಾರ್."

"ಯಾವ ಟೀಚರಮ್ಮ?"

"ನಮ್ ಟೀಚರಮ್ಮನೇ ಸಾರ್. ನಿಮ್ಮನೆಯವರು. ದಿನಾ ಸಾಯಂಕಾಲ ಬತ್ತಾರಂತೆ. ನಿಂತ್ಕಳಾಕಿಲ್ವಂತೆ. ಅಂಗೇ ಓಯ್ತಾರಂತೆ."

ನನ್ನ ಕೈಯಲ್ಲಿದ್ದ ತೂಕದ ಕಲ್ಲನ್ನು ಕೆಳಗಿಟ್ಟೆ. ಮುನಿವೆಂಕಟಪ್ಪನವರು ಹೇಳಿದ್ದರ ಸಾರಾಂಶ ಇದು. ಪದ್ಮ ತೀರಿಕೊಂಡ ಸುದ್ದಿ ಬಂದ ದಿನ ಅವರು ಮಕ್ಕಳನ್ನು ನಿಲ್ಲಿಸಿ ಮೌನ ಮಾಡಿಸಿ, "ನಮ್ಮ ಟೀಚರಮ್ಮ ಮೇಲೆ ಹೋದರು" ಎಂದರಂತೆ. ಸಾವು ಎಂಬ ಮಾತು ಬಾಯಿಗೆ ಬರಲಿಲ್ಲವಂತೆ. ಆಮೇಲೆ ಅಂದಿನ ಪಾಠ. ಅಂದಿನ ಪಾಠ ಉಪಗ್ರಹ. ಸಾಕಷ್ಟು ಜೋರಾಗಿ ಮೇಲೆ ಹೋದದ್ದು ತಿರುಗಿ ಕೆಳಗೆ ಬರುವುದಿಲ್ಲ, ನಮ್ಮ ತಲೆಯ ಮೇಲೇ ಸುತ್ತುತ್ತಿರುತ್ತದೆ ಎಂದು ಚೆನ್ನಾಗಿ ತಿಳಿಯುವಂತೆ ಹೇಳಿದರಂತೆ. ರತ್ನ ಎಂಬ ಹುಡುಗಿಗೆ ಬಹಳ ಚೆನ್ನಾಗಿ ತಿಳಿಯಿತು. ಅಂದು ಸಂಜೆ ಅವಳು ತಿಪ್ಪೆಯ ಹತ್ತಿರ ನಿಂತು ಆಕಾಶ ನೋಡಿದಳು. ಒಂದು ಚುಕ್ಕಿ ಸದ್ದಿಲ್ಲದೆ ನಡೆದುಹೋಯಿತು. ರತ್ನ ಮನೆಗೆ ಬಂದು "ಟೀಚರಮ್ಮ ಮ್ಯಾಗೆ ಓಯ್ತಾವ್ರೆ" ಎಂದಳು. ಅಂದಿನಿಂದ ಅವಳಿಗೆ ಮೈ ಬಿಸಿ, ಊಟ ಬೇಡ, ಸಂಜೆಯಾದರೆ ತಿಪ್ಪೆಯ ಹತ್ತಿರ ಹಾಜರು.

"ಅವ್ರಜ್ಜಿ ಪಾಪಮ್ಮ ಸ್ಕೂಲ್ ಬುಡಿಸ್ತೀನಿ ಅಂತವ್ಳೆ ಸಾರ್. ಶುಕ್ರವಾರ ಗಡಿ ಆಚೆಯಿಂದ ಗ್ರಹ ಬುಡ್ಸೋನು ಬತ್ತಾನೆ. ಬೇವಿನ ಬರ್ಲಲ್ಲಿ ಬಾರಿಸ್ತಾನೆ ಸಾರ್, ನಂಗೆ ಗೊತ್ತು, ನಮ್ ಅಕ್ಕಂಗೆ ಬಾರಿಸಿದ್ದ. ಈ ಮಗು ಸ್ಕೂಲ್ ಬುಟ್ರೆ ಉಳಿದ ಎಣ್ಮಕ್ಳೂ ನಿಂತೋಯ್ತವೆ. ನೀವು ಬಂದು ಟೀಚರಮ್ಮನ ಪಾಠ ಒಂದ್ಸಲ ಮಾಡಿ. ಅದು ಅವ್ರಲ್ಲ ಅಂತ ಏಳಿ. ನೀವು ಏಳಿದ್ರೆ ನಂಬ್ತಾರೆ."

ನಾನು ಆಯಿತು ಎಂದೆ. ಮಗುವಿಗೆ ಹೊಡೆಯುತ್ತಾರೆ ಎಂಬ ಸಂಕಟ ಇತ್ತು, ಅದು ನಿಜ. ಜೊತೆಗೆ ಇನ್ನೊಂದೂ ಇತ್ತು. ಇಷ್ಟು ದಿನದಿಂದ ಕಟ್ಟಿಕೊಂಡ ಗಂಡನಿಗೆ ಒಂದು ಸಲವೂ ಕಾಣಿಸಿಕೊಳ್ಳದವಳು ಕ್ಯಾಸಂಬಳ್ಳಿಯ ತಿಪ್ಪೆಯ ಹತ್ತಿರ ದಿನವೂ ಕಾಣಿಸಿಕೊಳ್ಳುತ್ತಾಳಂತೆ! ನನಗೆ ಹೊಟ್ಟೆಕಿಚ್ಚಾಯಿತು. ದೆವ್ವವಿಲ್ಲ ಎಂದು ತೋರಿಸಲು ಹೊರಟವನು, ಇದ್ದರೆ ಎಷ್ಟು ಚೆನ್ನಾಗಿರುತ್ತದೆ ಎಂದುಕೊಳ್ಳುತ್ತ ಗ್ರಹಗಳನ್ನು ಬುಟ್ಟಿಗೆ ತುಂಬಿದೆ.

ಗುರುವಾರ ರಜೆ ಹಾಕಿ ಹೋದೆ. ಮಧ್ಯಾಹ್ನ ಸ್ಕೂಲಿನ ಕಿಟಕಿಗಳಿಗೆಲ್ಲ ಗೋಣಿ ಕಟ್ಟಿ ಕತ್ತಲೆ ಮಾಡಿದ್ದರು. ಮಕ್ಕಳು ಮುಂದೆ, ತಾಯಂದಿರು ಹಿಂದೆ, ಬಾಗಿಲಲ್ಲಿ ಗಂಡಸರು, ತೀರ ಅಪಾಯವಾದರೆ ಓಡಲು ಅನುಕೂಲವಾಗುವಂತೆ. ಎಲ್ಲರಿಗಿಂತ ಮುಂದೆ ಪಾಪಮ್ಮ, ಮೊಮ್ಮಗಳನ್ನು ತೊಡೆಯ ನಡುವೆ ಇಟ್ಟುಕೊಂಡು. ರತ್ನ ಎಂಬುದು ಕಣ್ಣೇ ಹೆಚ್ಚಾಗಿ, ಉಳಿದದ್ದು ಕಡಿಮೆಯಾಗಿದ್ದ ಒಂದು ಮಗು. ಅದು ನನ್ನನ್ನು ನೋಡಲಿಲ್ಲ. ನನ್ನ ಪಕ್ಕ, ಯಾರೂ ಇಲ್ಲದ ಜಾಗವನ್ನು ನೋಡುತ್ತಿತ್ತು.

ನಾನು ಜೀವಮಾನದಲ್ಲಿ ಪಾಠ ಮಾಡಿದವನಲ್ಲ. ಸೂರ್ಯನಾಗಿ ಸುಮ್ಮನೆ ನಿಂತವನು. ಈಗ ದೀಪವನ್ನು ಮುನಿವೆಂಕಟಪ್ಪನವರ ಕೈಗೆ ಕೊಟ್ಟು ಭೂಮಿಯನ್ನು ಎತ್ತಿಕೊಂಡೆ. ಶನಿವಾರದ ಮೇಲೆ ಶನಿವಾರ ಕೇಳಿದ್ದ ಮಾತುಗಳನ್ನು ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದೆ. ಬಾಯಿಂದ ಮೊದಲು ಹೊರಟದ್ದು, "ಬಾಯಿ ಮುಚ್ಚಿ, ಕಣ್ಣು ಬಿಡಿ!"

ಅದು ಪದ್ಮ ಪಾಠ ಶುರುಮಾಡುವ ರೀತಿ. ಮಕ್ಕಳೆಲ್ಲ ಒಟ್ಟಿಗೆ ಉಸಿರೆಳೆದುಕೊಂಡದ್ದು ಕೇಳಿಸಿತು. ಈ ಊರಿಗೂ ಅವಳು ಬಂದು ಒಮ್ಮೆ ಪಾಠ ಮಾಡಿದ್ದಳು ಎಂಬುದು ನನಗೆ ಆಗ ಹೊಳೆಯಿತು. ನಿಲ್ಲಿಸೋಣವೆಂದರೆ ಮಾತು ನಿಲ್ಲಲಿಲ್ಲ. ಕಲ್ಲೆಸೆದರೆ ಏಕೆ ಬೀಳುತ್ತದೆ, ಇನ್ನೂ ಜೋರಾಗಿ ಎಸೆದರೆ ಎಲ್ಲಿ ಬೀಳುತ್ತದೆ, ಬೀಳುತ್ತಾ ಬೀಳುತ್ತಾ ಭೂಮಿಯೇ ಬಾಗಿ ಜಾರಿಕೊಂಡರೆ ಕಲ್ಲು ಪಾಪ ಏನು ಮಾಡಬೇಕು? ಈ 'ಪಾಪ' ಕೂಡ ಅವಳದೇ. ಅಷ್ಟೊಂದು ನನಗೆ ಗೊತ್ತಿದೆ ಎಂಬುದು ನನಗೇ ಗೊತ್ತಿರಲಿಲ್ಲ. ದೀಪದ ಬೆಳಕಿನಲ್ಲಿ ಚೆಂಡಿನ ಒಂದು ಮಗ್ಗುಲು ಬೆಳ್ಳಗೆ, ಇನ್ನೊಂದು ಮಗ್ಗುಲು ಕಪ್ಪಗೆ. ಕಪ್ಪು ಮಗ್ಗುಲಿನ ಮೇಲೆ ಒಂದು ಸಣ್ಣ ಗೋಲಿ ಹಿಡಿದು, ನಮಗೆ ಸೂರ್ಯ ಮುಳುಗಿದ್ದರೂ ಎತ್ತರದಲ್ಲಿರುವ ಇದಕ್ಕಿನ್ನೂ ಮುಳುಗಿಲ್ಲ, ಅದಕ್ಕೇ ಹೊಳೆಯುತ್ತದೆ, ಇದು ರಷ್ಯಾದವರ ಗುಂಡಿನ ಹಾಗೆಯೇ ಅಮೆರಿಕದವರು ಈಚೆಗೆ ಬಿಟ್ಟ ಒಂದು ದೊಡ್ಡ ಬಲೂನು ಅಷ್ಟೇ ಎಂದೆ. ಹೇಳಿ, ಬಲಗೈ ಎತ್ತಿ, ಮೂಗಿನ ಮೇಲಿನ ಕನ್ನಡಕವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದೆ.

ನಾನು ಕನ್ನಡಕ ಹಾಕುವವನಲ್ಲ.

"ಟೀಚರಮ್ಮ!" ಎಂದಿತು ರತ್ನ. ಬಾಗಿಲಲ್ಲಿದ್ದ ಗಂಡಸರು ಅನುಕೂಲವನ್ನು ಬಳಸಿಕೊಂಡರು. ಮುನಿವೆಂಕಟಪ್ಪನವರ ಕೈಯಲ್ಲಿ ಸೂರ್ಯ ನಡುಗಿ, ಎಲ್ಲರ ನೆರಳೂ ಗೋಡೆಯ ಮೇಲೆ ಎದ್ದು ಕುಣಿದವು. ಯಾರೋ ಗೋಣಿ ಕಿತ್ತರು. ಬಿಸಿಲು ಬಂತು. ಪಾಪಮ್ಮ ಒಬ್ಬಳೇ ಅಲುಗಿರಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪಾಟ ಆಯ್ತಾ ಸೋಮಿ?" ಎಂದಳು. ಆಯಿತೆಂದೆ. "ಅಂಗಾರೆ ಸಾಯಂಕಾಲ ಇರು. ಅದು ಬತ್ತದಲ್ಲಾ, ಅವಾಗ ಮಾತಾಡಾನ."

ಸಂಜೆ ಊರೆಲ್ಲ ತಿಪ್ಪೆಯ ಹತ್ತಿರ ಸೇರಿತು. ಪಡುವಣ ಇನ್ನೂ ಕೆಂಪಗಿತ್ತು. ದನಗಳು ಮನೆ ಸೇರಿದ್ದವು, ದೂಳು ಇಳಿದಿತ್ತು, ಒಂದು ನಾಯಿಯೂ ಬೊಗಳಲಿಲ್ಲ. ಗೋಲ್ಡ್ ಫೀಲ್ಡಿನ ಕಡೆಯಿಂದ ನೆಲದೊಳಗೆ ಎಲ್ಲೋ ಗುಡುಗಿದಂತಾಗಿ ಕಾಲಿನ ಕೆಳಗೆ ಸಣ್ಣಗೆ ಅದುರಿತು. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಹಾಗಾಗುತ್ತದೆ, ಅದಕ್ಕೆ ಯಾರೂ ಹೆದರುವುದಿಲ್ಲ. ಅವರೆಲ್ಲ ಮೇಲೆ ನೋಡುತ್ತಿದ್ದರು. ರತ್ನ ಕೈ ತೋರಿಸಿತು.

ಒಂದು ಚುಕ್ಕಿ ಉಳಿದ ಚುಕ್ಕಿಗಳ ನಡುವಿನಿಂದ ಹೊರಟು ನಡೆದು ಬರುತ್ತಿತ್ತು. ಸದ್ದಿಲ್ಲ, ಮಿನುಗಿಲ್ಲ, ಅವಸರವೂ ಇಲ್ಲ. ಮನೆಗೆಲಸ ಮುಗಿಸಿ ಸ್ಕೂಲಿಗೆ ಹೊರಟ ಹೆಂಗಸಿನ ಹಾಗೆ ನೇರವಾಗಿ ಬಂತು. ನಾನು ಅದನ್ನು ಪೇಪರಿನಲ್ಲಿ ಓದಿದ್ದೆ, ಮಧ್ಯಾಹ್ನ ಪಾಠವನ್ನೂ ಮಾಡಿದ್ದೆ. ಆದರೂ ಬೇರೆ ಯಾರೂ ಇಲ್ಲದಿದ್ದರೆ ಕೂಗಿ ಕರೆದೇ ಬಿಡುತ್ತಿದ್ದೆನೇನೋ.

"ಈಗ ಏಳು ಸೋಮಿ," ಎಂದಳು ಪಾಪಮ್ಮ. ರತ್ನಳನ್ನು ನನ್ನ ಮುಂದೆ ನಿಲ್ಲಿಸಿದಳು. "ಈ ಮಗೀನ್ ತಲೆ ಮ್ಯಾಗೆ ಕೈ ಮಡಗಿ ಆಣೆ ಮಾಡಿ ಏಳು. ಅದು ನಿನ್ ಎಂಡ್ತಿ ಅಲ್ಲಾ ಅಂತ. ಏಳುದ್ರೆ ನಾಳೆ ಬರೋನ್ನ ಬರಬ್ಯಾಡ ಅಂತೀನಿ. ಮಗ ಸ್ಕೂಲಿಗೆ ಓಗ್ಲಿ."

ಮಗುವಿನ ತಲೆ ಬಿಸಿಯಾಗಿತ್ತು, ಎಣ್ಣೆ ಹಚ್ಚಿ ನುಣ್ಣಗಿತ್ತು. ಅದು ಕತ್ತೆತ್ತಿ ನನ್ನ ಬಾಯಿಯನ್ನೇ ನೋಡುತ್ತಿತ್ತು. ಮೇಲೆ ಆ ಬೆಳಕು ನೆತ್ತಿ ದಾಟುತ್ತಿತ್ತು. ನಾನು ಹೇಳಿದೆ. "ಅದು ನನ್ನ ಹೆಂಡತಿ ಅಲ್ಲ."

"ಇನ್ನೊಂದ್ ಕಿತ."

"ಅದು ನನ್ನ ಹೆಂಡತಿ ಅಲ್ಲಮ್ಮ. ಅದು ಬಲೂನು. ಪದ್ಮ ಅಲ್ಲಿಲ್ಲ."

ಹೇಳುತ್ತಿದ್ದಂತೆ ಮೂಡಣದ ಕಡೆ ನಡುದಾರಿಯಲ್ಲೇ ಅದು ಕೆಂಪಗಾಗಿ, ಮಂಕಾಗಿ, ಆರಿಹೋಯಿತು. ಹೆಂಗಸರು ಅಯ್ಯೋ ಎಂದರು. ಭೂಮಿಯ ನೆರಳಿನೊಳಗೆ ಹೋಯಿತು, ನಮ್ಮದೇ ನೆರಳು ಎಂದು ಮುನಿವೆಂಕಟಪ್ಪನವರು ಎಲ್ಲರಿಗೂ ಕೂಗಿ ಹೇಳುತ್ತಿದ್ದರು. ಒಳ್ಳೆಯ ಮೇಷ್ಟರು, ಪದ್ಮಳ ಕ್ಲಾಸು ವ್ಯರ್ಥವಾಗಿರಲಿಲ್ಲ.

ರತ್ನ ನಿಟ್ಟುಸಿರು ಬಿಟ್ಟು, "ಅಜ್ಜೀ, ಅಸಿವಾಯ್ತದೆ" ಎಂದಿತು.

ಪಾಪಮ್ಮ ಮೊಮ್ಮಗಳ ಮುಖ ನೀವಿ ಲಟಿಕೆ ಮುರಿದಳು. ನಾನು ಗೆದ್ದೆನೆಂದುಕೊಂಡೆ. ವಿಜ್ಞಾನ ಗೆದ್ದಿತೆಂದುಕೊಂಡೆ. ಆಗ ಆ ಮುದುಕಿ ನನ್ನ ಹತ್ತಿರಕ್ಕೆ ಬಂದು ಮೆಲ್ಲಗೆ ಕೇಳಿದಳು. "ಮ್ಯಾಗಿಲ್ಲ ಅಂದೆ. ಸರಿ. ಮತ್ತೆ ಆಯಮ್ಮ ಎಲ್ಲವ್ಳೆ?"

ಇದಕ್ಕೆ ಶನಿವಾರದ ಕ್ಲಾಸಿನಲ್ಲಿ ಉತ್ತರ ಇರಲಿಲ್ಲ. ಪಾಪಮ್ಮ ತಾನೇ ತಲೆಯಾಡಿಸಿದಳು. "ಗೊತ್ತಾಯ್ತು ಬುಡು. ಮಧ್ಯಾನ್ನ ನಾನೇ ಕಣ್ಣಾರ ಕಂಡೆನಲ್ಲ. ನಿನ್ ಬಾಯಾಗೆ ಮಾತಾಡಿದ್ಲು, ನಿನ್ ಕೈಯಾಗೆ ಕನ್ನಡಕ ಸರಿ ಮಾಡ್ಕಂಡ್ಲು. ಎಂಡ್ತೀನ ಕರ್ಕಂಡೋಗಾಕೆ ಬಂದಿದ್ದೀಯ. ಉಸಾರಾಗಿ ಕರ್ಕಂಡೋಗಪ್ಪ. ಒಳ್ಳೇ ಎಣ್ಮಗಳು. ನಮ್ ಮಗೀಗೆ ಏನೂ ಮಾಡ್ಲಿಲ್ಲ."

ಅಲ್ಲ ಎನ್ನಬೇಕಿತ್ತು. ಅಂದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ನಾಳೆ ಬೇವಿನ ಬರಲು ಬರುತ್ತದೆ. ಮುನಿವೆಂಕಟಪ್ಪನವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ವಿಜ್ಞಾನದ ಇಬ್ಬರು ಸೇವಕರೂ ಬುಟ್ಟಿಯನ್ನು ಒಂದೊಂದು ಕಡೆ ಹಿಡಿದು ಬಸ್ಸಿನ ಹತ್ತಿರಕ್ಕೆ ನಡೆದೆವು.

ಬಂಗಾರಪೇಟೆಯ ಬಸ್ಸು ಹಾಲಿನ ಕ್ಯಾನು, ಬದನೆಕಾಯಿ ಮಂಕರಿ, ಜನ ಎಲ್ಲದರಿಂದ ತುಂಬಿ ಒಂದು ಕಡೆಗೆ ವಾಲಿಕೊಂಡಿತ್ತು. ನನ್ನನ್ನು ಕಂಡದ್ದೇ ಇಬ್ಬರು ಕೂರುವ ಸೀಟಿನಿಂದ ಇಬ್ಬರೂ ಎದ್ದುಬಿಟ್ಟರು. ಸುದ್ದಿ ನನಗಿಂತ ಮೊದಲೇ ಬಸ್ಸು ಹತ್ತಿತ್ತು. ಕೂತೆ. ಪಕ್ಕದ ಜಾಗ ಖಾಲಿ. ಸುತ್ತಲೂ ಜನ ಒಬ್ಬರ ಮೇಲೊಬ್ಬರು ಬೀಳುತ್ತ ನಿಂತಿದ್ದರು. ಮುಂದಿನ ಹಳ್ಳಿಯಲ್ಲಿ ಹತ್ತಿದ ಒಬ್ಬ ಮುದುಕ, ಏನೂ ತಿಳಿಯದವನು, ಸಂತೋಷದಿಂದ ಕೂರಲು ಬಂದ. ಹಿಂದಿನಿಂದ ಒಬ್ಬಾಕೆ ಅವನ ವಲ್ಲಿ ಹಿಡಿದು ಎಳೆದಳು.

"ಅಲ್ ಕೂಕಬ್ಯಾಡ ಕಣಣ್ಣಾ. ಆಳವ್ರೆ."

"ಯಾರವ್ರೆ? ಖಾಲಿ ಐತಲ್ಲಾ."

"ಆ ಯಪ್ಪನ ಎಂಡ್ತಿ ಅವ್ಳೆ, ಸುಮ್ಕಿರು."

ಕಂಡಕ್ಟರು ಖಾಲಿ ಸೀಟನ್ನು ನೋಡಿದ, ನನ್ನನ್ನು ನೋಡಿದ, ಯೋಚಿಸಿ ನನಗೆ ಒಂದೇ ಟಿಕೆಟ್ಟು ಹರಿದುಕೊಟ್ಟು, "ಆಯಮ್ಮಂದು ಇರ್ಲಿ ಬುಡಿ ಸಾರ್" ಎಂದ. ಬಿಟ್ಟಿ ಪ್ರಯಾಣಿಕರೆಂದರೆ ಉರಿದುಬೀಳುವ ರೈಲ್ವೆ ನೌಕರ ನಾನು. ಈಗತಾನೆ ಒಂದು ಮಗುವಿನ ತಲೆಯ ಮೇಲೆ ಕೈಯಿಟ್ಟು ವಿಜ್ಞಾನ ಹೇಳಿ ಬಂದವನು. ಆ ಮುದುಕನ ಕಾಲು ನಡುಗುತ್ತಿತ್ತು. "ಯಾರೂ ಇಲ್ಲ, ಕೂತ್ಕೊಳ್ಳಿ" ಎನ್ನುವುದು ನನ್ನ ಕರ್ತವ್ಯವಾಗಿತ್ತು. ನಾನು ಮಾಡಿದ್ದಿಷ್ಟೇ. ನಾನು ಕೂತಿದ್ದ ಕಿಟಕಿಯ ಕಡೆಯ ಜಾಗದಲ್ಲಿ ಆ ಮುದುಕನನ್ನು ಕೂರಿಸಿ, ಬುಟ್ಟಿಯನ್ನು ತಬ್ಬಿಕೊಂಡು ಎದ್ದು ನಿಂತೆ. ಖಾಲಿ ಸೀಟಿಗೆ ಯಾರ ಮೈಯೂ ತಗಲದ ಹಾಗೆ ಅಡ್ಡವಾಗಿ, ಬಂಗಾರಪೇಟೆಯವರೆಗೂ.